ಕತ್ತಿ ಹಿಡಿಯೋಳು ಹಸೆಮಣೆ ಯಾಕೆ ಏರಿದ್ಲು? ಫ್ಯಾಂಟಸಿ ರೊಮ್ಯಾನ್ಸ್ ಬರೆಯೋರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮಸ್ತೆ ಮೇಡಂ. ನಾನು ಆನ್‌ಲೈನ್‌ನಲ್ಲಿ ಒಂದು ಫ್ಯಾಂಟಸಿ ಧಾರಾವಾಹಿ ಬರೀತಿದೀನಿ. ನಾಯಕಿ ಧರಣಿ, ವಯಸ್ಸು 17, ಘಟ್ಟದ ಮೇಲಿನ ಸಣ್ಣ ರಾಜ್ಯದ ಗಡಿ ಕೋಟೆಗೆ ದಳಪತಿ. ಯುದ್ಧ ನಿಲ್ಲಲಿ ಅಂತ ಅವಳಪ್ಪ ಕರಾವಳಿ ರಾಜ್ಯದ ಎರಡನೇ ರಾಜಕುಮಾರ ಸೋಮನಿಗೆ ಅವಳನ್ನ ಕೊಟ್ಟು ಮದುವೆ ಮಾಡ್ತಾನೆ. ಮದುವೆವರೆಗೂ ಕಾಮೆಂಟ್ಸ್ ಚೆನ್ನಾಗಿದ್ವು. ಆಮೇಲೆ ಎಲ್ರದ್ದೂ ಒಂದೇ ಮಾತು, "ಅಷ್ಟೆಲ್ಲಾ ಫೈಟ್ ಮಾಡೋಳು ಅಪ್ಪ ಹೇಳಿದ ತಕ್ಷಣ ಹಸೆಮಣೆ ಏರಿಬಿಟ್ಲಾ?" ವ್ಯೂಸ್ ಕೂಡ ಬಿದ್ದಿದೆ, ಮದುವೆ ಆದ್ಮೇಲೆ ಏನು ಬರೀಬೇಕು ಅಂತ ತೋಚ್ತಿಲ್ಲ. ಬೆಡ್‌ರೂಮ್ ಸೀನ್ ನಾನು ಬರೆಯಲ್ಲ, ನಮ್ಮತ್ತೆನೂ ಓದ್ತಾರೆ. ಅದಿಲ್ದೆ ರೊಮ್ಯಾನ್ಸ್ ನಿಲ್ಲತ್ತಾ? ಸೋಮ ಅವಳನ್ನ ಕತ್ತಿವರಸೆಯಲ್ಲಿ ಸೋಲಿಸೋ ಸೀನ್ ಇಟ್ರೆ ಸರಿಹೋಗತ್ತಾ?

ಉತ್ತರ: ಕೊನೇ ಪ್ರಶ್ನೆಗೆ ಮೊದ್ಲೇ ಹೇಳ್ಬಿಡ್ತೀನಿ, ಸೋಲಿಸೋ ಸೀನ್ ಬೇಡ. ಯಾಕೆ ಅಂತ ಆಮೇಲೆ ಬರ್ತೀನಿ.

ನಿಮ್ಮ ಓದುಗರಿಗೆ ಅರೇಂಜ್ಡ್ ಮ್ಯಾರೇಜ್ ಮೇಲೆ ಕೋಪ ಇಲ್ಲ ಕಣ್ರೀ. ಹೊರದೇಶದಲ್ಲಿ ಈ ಥರ ಕಥೆ ಬರೆಯೋರು, ಒಬ್ಬರಿಗೊಬ್ಬರು ಗೊತ್ತೇ ಇಲ್ದೇ ಇರೋ ಇಬ್ರು ಯಾಕೆ ಮದುವೆ ಆಗ್ತಾರೆ ಅಂತ ಓದುಗರನ್ನ ಒಪ್ಪಿಸೋಕೇ ನಾಲ್ಕು ಅಧ್ಯಾಯ ಖರ್ಚು ಮಾಡ್ಬೇಕು, ನಮ್ಮಲ್ಲಿ ಆ ತಲೆನೋವಿಲ್ಲ, ಓದೋರಲ್ಲಿ ಎಷ್ಟೋ ಜನ ಹಾಗೇ ಮದುವೆ ಆದೋರು, ಇಲ್ಲ ಮನೆಯಲ್ಲಿ ಜಾತಕ ಓಡಾಡ್ತಿರೋರು. ಅವ್ರು ಕೇಳ್ತಿರೋದೇ ಬೇರೆ. ಮಾತುಕತೆಗೆ ಯಾರ್ಯಾರು ಕೂತಿದ್ರು, ಹುಡುಗಿನ ಕೇಳಿದ್ರಾ, ಅವಳು ಏನಂದ್ಲು, ಏನು ಕೊಡ್ತೀವಿ ಏನು ಬಿಡಲ್ಲ ಅಂತ ಮಾತಾಯ್ತಾ, ಇಷ್ಟೇ. ನೀವು ಹೇಳಿರೋ ಕಥೆಯಲ್ಲಿ ಅಪ್ಪ "ರಾಜ್ಯಕ್ಕೋಸ್ಕರ" ಅಂತಾನೆ, ಮುಂದಿನ ಸೀನ್‌ಗೆ ಧಾರೆ ಮುಗಿದಿರತ್ತೆ. ಆ ಇಡೀ ಮಾತುಕತೆ ಸೀನೇ ಇಲ್ಲ. ಒಂದು ಕೋಟೆಗೆ ದಳಪತಿ ಆಗಿರೋಳು, ಅಂದ್ರೆ ಸಂಧಾನ, ಒತ್ತೆಯಾಳು, ಕಪ್ಪ, ಗಡಿಗುರುತು ಇವೆಲ್ಲಾ ದಿನಾ ನೋಡಿರೋಳು, ತನ್ನ ಸಂಧಾನ ಪತ್ರಾನ ತಾನೇ ಓದ್ದೆ ಸಹಿ ಹಾಕಿದ್ಲು ಅಂದ್ರೆ ನಂಬೋದು ಕಷ್ಟ. ಓದುಗರಿಗೆ ಅವಳು ದುರ್ಬಲ ಆದ್ಲು ಅನ್ನೋದಕ್ಕಿಂತ ದಡ್ಡಿ ಆದ್ಲು ಅನ್ನಿಸಿದೆ. ಅದು ಇನ್ನೂ ಕೆಟ್ಟದ್ದು.

ಹಾಗಾಗಿ ನಾನು ಹೇಳೋದು ಇಷ್ಟು: ನಿಮ್ಮ ಕಥೆಯಲ್ಲಿ ಮದುವೆ ಒಂದು ಕರಾರು ಆಗ್ಲಿ, ಆ ಕರಾರನ್ನ ಧರಣಿ ತಾನೇ ಕೂತು ಮಾಡ್ಲಿ, ಆಮೇಲಿನ ರೊಮ್ಯಾನ್ಸ್ ಎಲ್ಲಾ ಆ ಕರಾರಿನ ಷರತ್ತುಗಳ ಸುತ್ತಲೇ ನಡೀಲಿ. ಮಿಕ್ಕಿದ್ದೆಲ್ಲಾ ಇದರಿಂದಲೇ ಬರತ್ತೆ.

ಇದಕ್ಕೆ ನೀವು ಹೊರಗಡೆ ಎಲ್ಲೂ ಹುಡುಕೋದು ಬೇಡ. ನಿಮ್ಮ ಕಥೆ ಕರಾವಳಿ–ಘಟ್ಟದ್ದು ತಾನೇ, ಉಳ್ಳಾಲದ ಕಡೆ ನೋಡಿ. ಅಬ್ಬಕ್ಕ ಅಂದ ತಕ್ಷಣ ನಮಗೆ ಪೋರ್ಚುಗೀಸರ ಜೊತೆ ಯುದ್ಧ, ಬೆಂಕಿಬಾಣ, ಇಷ್ಟೇ ನೆನಪಾಗತ್ತೆ, ಆದ್ರೆ ಕಥೆ ಬರೆಯೋರಿಗೆ ಚಿನ್ನದಂಥ ವಿಷಯ ಇರೋದು ಮದುವೆಯಲ್ಲಿ. ಅಬ್ಬಕ್ಕನ ಮನೆತನ ಚೌಟರು, ಗಂಡನ ಮನೆತನ ಬಂಗರು, ಇಬ್ರೂ ತುಳುನಾಡಿನ ಜೈನ ಅರಸರು, ಅಲ್ಲಿ ಅಳಿಯಸಂತಾನ ಪದ್ಧತಿ, ಅಂದ್ರೆ ಅಧಿಕಾರ ಹೆಣ್ಣಿನ ಕಡೆಯಿಂದ ಹರಿಯೋದು, ಗಂಡನಿಗೆ ಹೆಂಡತಿ ರಾಜ್ಯದ ಮೇಲೆ ಹಕ್ಕು ಬರಲ್ಲ. ಮದುವೆ ಆದ್ರೂ ರಾಣಿ ತನ್ನ ನೆಲದಲ್ಲೇ ರಾಣಿ. 1623ರಲ್ಲಿ ಪಿಯೆತ್ರೊ ದೆಲ್ಲಾ ವಾಲೆ ಅನ್ನೋ ಇಟಲಿಯ ಪ್ರವಾಸಿ ಈ ಕಡೆ ಬಂದಿದ್ದ, ಅವನ ಪತ್ರಗಳಲ್ಲಿ ಉಳ್ಳಾಲದ ರಾಣಿ ಬರ್ತಾಳೆ. ರಾಣಿಗೂ ಬಂಗರಸನಿಗೂ ಮದುವೆ ಆಗಿತ್ತು, ಆದ್ರೆ ಅವರವರ ರಾಜ್ಯದಲ್ಲಿ ಅವರವರು ಇರ್ತಿದ್ರು, ಭೇಟಿ ಆಗ್ಬೇಕು ಅಂದ್ರೆ ಗಡಿಯ ನದಿ ಮೇಲೆ ದೋಣಿಗಳಲ್ಲಿ ಡೇರೆ ಹಾಕಿಸ್ತಿದ್ರು ಅಂತ ಬರೀತಾನೆ. ಸ್ವಲ್ಪ ಯೋಚ್ನೆ ಮಾಡಿ! ಇಬ್ರು ಅರಸರು, ಇಬ್ಬರ ಸೈನ್ಯ ಎರಡು ದಡದಲ್ಲಿ, ನಡುವೆ ತೇಲೋ ಡೇರೆ. ಇದನ್ನ ಯಾರಾದ್ರೂ ಫ್ಯಾಂಟಸಿಯಲ್ಲಿ ಬರೆದಿದ್ರೆ "ಸಖತ್ ಇಮ್ಯಾಜಿನೇಶನ್" ಅಂತಿದ್ವಿ, ಇದು ನಮ್ಮ ನೇತ್ರಾವತಿ ಸೀಮೆಯ ಮಾತು. ಆಮೇಲೆ ಮನಸ್ತಾಪ ಆಗಿ ರಾಣಿ ಸಂಬಂಧ ಕಡ್ಕೊಂಡ್ಲು, ಅಲ್ಲಿನ ರೂಢಿಯಂತೆ ಗಂಡ ಕೊಟ್ಟಿದ್ದ ಆಭರಣ ಎಲ್ಲಾ ವಾಪಸ್ ಕಳಿಸಿದ್ಲು. ಮುಂದೆ ಗಂಡ ಪೋರ್ಚುಗೀಸರ ಬೆಂಬಲ ಹಿಡಿದ, ಇವಳು ಇಕ್ಕೇರಿಯ ವೆಂಕಟಪ್ಪ ನಾಯಕನ ಬೆಂಬಲ ಹಿಡಿದ್ಲು. ಗಂಡ ಹೆಂಡ್ತಿ ಜಗಳ ಎರಡು ಸೈನ್ಯದ ಜಗಳ ಆಯ್ತು.

ಈಗ ಇದನ್ನೇ ಬಿಚ್ಚಿ ನೋಡಿ. ಅವಳು ಏನು ಉಳಿಸಿಕೊಂಡ್ಲು, ತನ್ನ ಊರು. ಎಲ್ಲಿ ಭೇಟಿ, ನದಿ ಮೇಲೆ. ಮುರಿದ್ರೆ ಏನಾಗತ್ತೆ, ಆಭರಣ ವಾಪಸ್. ಎಲ್ಲಾ ಮೊದ್ಲೇ ಗೊತ್ತಿರೋ ವ್ಯವಸ್ಥೆ. ಅದಕ್ಕೇ ಆಭರಣ ವಾಪಸ್ ಹೋಗೋ ಗಳಿಗೆಗೆ ಅಷ್ಟು ತೂಕ ಇದೆ, ಒಂದು ಡೈಲಾಗೂ ಬೇಡ. ನಿಮ್ಮ ಕಥೆಯಲ್ಲಿ ಷರತ್ತೇ ಇಲ್ಲ, ಹಾಗಾಗಿ ಮುರಿಯೋಕೂ ಏನಿಲ್ಲ, ಉಳಿಸೋಕೂ ಏನಿಲ್ಲ, ಇಬ್ರೂ ಅರಮನೆ ಕಾರಿಡಾರ್‌ನಲ್ಲಿ ಎದುರಾದಾಗೆಲ್ಲಾ ಬೈದಾಡ್ತಾರೆ ಅಷ್ಟೇ.

ಇನ್ನೊಂದು ಪದ್ಧತಿ ಹೇಳ್ತೀನಿ. ಕೊಡವರ ಮದುವೆಯಲ್ಲಿ ಎರಡೂ ಕಡೆಯಿಂದ ಅರುವ ಅಂತ ಒಬ್ಬೊಬ್ರು ಇರ್ತಾರೆ, ಆ ಮನೆತನದ ಪರವಾಗಿ ಮಾತಾಡೋರು. ಸಂಬಂಧ ಅಡ್ಕೋ ಶಾಸ್ತ್ರದಲ್ಲಿ ಹುಡುಗಿ ಕಡೆ ಅರುವ 12 ಸಣ್ಣ ಕಲ್ಲಲ್ಲಿ 11ನ್ನ ಹುಡುಗನ ಕಡೆಗೆ ಕೊಟ್ಟು ಒಂದನ್ನ ಉಳಿಸಿಕೊಳ್ತಾರೆ. ಗಂಡನ ಮನೆಯಲ್ಲಿ ಹಕ್ಕು ಬಂತು, ಆದ್ರೆ ತವರಿನ ಎಳೆ ಪೂರ್ತಿ ಕಡಿದುಹೋಗ್ಲಿಲ್ಲ ಅಂತ. ಇಂಥ ಒಂದು ವಸ್ತು ನಿಮ್ಮ ಕಥೆಗೂ ಬೇಕು, ಕಣ್ಣಿಗೆ ಕಾಣೋದು, ಕೈಯಲ್ಲಿ ಹಿಡಿಯೋಕಾಗೋದು. ಇದನ್ನೇ ಕಾಪಿ ಮಾಡ್ಬೇಡಿ, ಅದು ಒಂದು ಜನಾಂಗದ ಬದುಕಿನ ಪದ್ಧತಿ, ನಿಮ್ಮ ಕಲ್ಪನೆ ರಾಜ್ಯಕ್ಕೆ ನೀವೇ ಒಂದು ಹುಟ್ಟಿಸಿ. ಕೋಟೆ ಬಾಗಿಲಿನ ಬೀಗದ ಕೈ, ಅಥವಾ ಅವಳ ಕುದುರೆ ಯಾರ ಲಾಯದಲ್ಲಿ ಇರಬೇಕು ಅನ್ನೋದು, ಏನಾದ್ರೂ.

ಮಹಾಭಾರತದ ಚಿತ್ರಾಂಗದೆ ಮದುವೆನೂ ಷರತ್ತಿನದ್ದೇ. ಹುಟ್ಟೋ ಮಗ ತನ್ನ ವಂಶಕ್ಕೇ ಸೇರಬೇಕು ಅಂತ ಅವಳಪ್ಪ ಕೇಳ್ತಾನೆ, ಅರ್ಜುನ ಒಪ್ಕೋತಾನೆ, ಆ ಒಂದು ಷರತ್ತಿನಿಂದ ಮುಂದೆ ಬಭ್ರುವಾಹನನ ಕಥೆ ಪೂರ್ತಿ ಹುಟ್ಟತ್ತೆ, ಮಗ ಅಪ್ಪನನ್ನೇ ಎದುರಿಸೋ ತನಕ. ಅಂದ ಹಾಗೆ ವ್ಯಾಸರಲ್ಲಿ ಚಿತ್ರಾಂಗದೆ ಕತ್ತಿ ಹಿಡಿಯೋಳೇನಲ್ಲ, ಆ ರೂಪ ಆಮೇಲಿನ ಕವಿಗಳು ಕೊಟ್ಟಿದ್ದು. ಷರತ್ತು ಕೇಳಿದ್ದೂ ಅಪ್ಪ, ಅವಳಲ್ಲ. ನೀವು ಬದಲಾಯಿಸಬೇಕಾಗಿರೋದು ಇದೊಂದನ್ನೇ, ಅಪ್ಪನ ಬಾಯಲ್ಲಿರೋ ಷರತ್ತನ್ನ ಮಗಳ ಬಾಯಿಗೆ ತನ್ನಿ.

ಧರಣಿ ಏನು ಕೇಳಬಹುದು? ನನ್ನ ಕೇಳಿದ್ರೆ, ಒಂದು ಗಟ್ಟಿ ರಾಜಕೀಯ ಷರತ್ತು, ಒಂದು ಚಿಕ್ಕ ಸ್ವಂತದ ಷರತ್ತು. ಘಟ್ಟದ ದಾರಿಯ ಸುಂಕ ಮೂರು ವರ್ಷ ನಮ್ಮ ಕಡೆಗೇ ಇರಬೇಕು, ಅದು ರಾಜಕೀಯ. ರಾತ್ರಿ ನನ್ನ ಆಯುಧ ನನ್ನ ಹತ್ರಾನೇ ಇರಬೇಕು, ಇದು ಸ್ವಂತದ್ದು. ಸೋಮನ ಕಡೆಯೋರೂ ಕೇಳ್ಬೇಕು ಮತ್ತೆ, ಬರೀ ಅವಳೊಬ್ಬಳೇ ಕೇಳಿದ್ರೆ ಅದು ಸಂಧಾನ ಆಗಲ್ಲ. ಅವರು "ಆಯುಧ ಎಲ್ಲಾ ಸೂರ್ಯ ಮುಳುಗಿದ ಮೇಲೆ ಶಸ್ತ್ರಾಗಾರಕ್ಕೆ, ಬೀಗದ ಕೈ ರಾಜಕುಮಾರನ ಹತ್ರ" ಅಂತ ಹಠ ಹಿಡೀಲಿ, ಅವಳು ಅದನ್ನ ಹಲ್ಲು ಕಚ್ಚಿ ಒಪ್ಪಲಿ, ಯಾಕಂದ್ರೆ ಸುಂಕದ ದಾರಿ ಅವಳಿಗೆ ಅದಕ್ಕಿಂತ ದೊಡ್ಡದು, ಆ ದುಡ್ಡಲ್ಲೇ ಅವಳ ಸೈನಿಕರ ಸಂಬಳ. ಈಗ ನೋಡಿ, "ಅಪ್ಪ ಹೇಳಿದ್ರು ಅಂತ ಮದುವೆ ಆದ್ಲು" ಅನ್ನೋ ಕಾಮೆಂಟ್ ಬರಲ್ಲ. ಅವಳು ಏನು ಕೊಟ್ಟು ಏನು ತಗೊಂಡ್ಲು ಅಂತ ಲೆಕ್ಕ ಓದುಗರ ಮುಂದಿದೆ. ಜೊತೆಗೆ ಆ ಬೀಗದ ಕೈ ನಿಮಗೆ ಮುಂದಿನ ಇಪ್ಪತ್ತು ಎಪಿಸೋಡ್‌ವರೆಗೂ ಕೆಲಸಕ್ಕೆ ಬರತ್ತೆ. ಸೋಮ ಒಂದು ದಿನ ಯಾರೂ ಕೇಳ್ದೇನೇ ಆ ಬೀಗದ ಕೈನ ಅವಳ ತಟ್ಟೆ ಪಕ್ಕ ಇಟ್ಟು ಊಟ ಮುಂದುವರಿಸ್ತಾನೆ ಅನ್ಕೊಳ್ಳಿ. ಐ ಲವ್ ಯೂ ಬೇಕಾ ಇನ್ನು?

ಮದುವೆ ಆದ್ಮೇಲೆ ಏನು ಬರೀಬೇಕು ಅನ್ನೋದು ನಿಮ್ಮೊಬ್ಬರದ್ದೇ ಸಮಸ್ಯೆ ಅಲ್ಲ, ನಮ್ಮ ಪರಂಪರೆಯದ್ದೇ ಸಮಸ್ಯೆ. ಯಕ್ಷಗಾನ ನೋಡಿದ್ರೆ ಗೊತ್ತಿರತ್ತೆ, ಪ್ರಮೀಳೆ, ಮೀನಾಕ್ಷಿ, ಶಶಿಪ್ರಭೆ ಇವೆಲ್ಲಾ ಕಸೆ ಸ್ತ್ರೀವೇಷ, ಸೀರೆಯ ಬಳುಕು ಅಲ್ಲ, ಪುರುಷವೇಷದ ಬಿರುಸು, ಬಿಲ್ಲು ಹಿಡಿದು ರಂಗಕ್ಕೆ ಬಂದ್ರೆ ಚೆಂಡೆಯೋರಿಗೂ ಹುರುಪು. ನಮ್ಮ ಜನಕ್ಕೆ ವಾರಿಯರ್ ಹೀರೋಯಿನ್ ಹೊಸದೇನಲ್ಲ, ರಾತ್ರಿಯಿಡೀ ಎದ್ದು ಕೂತು ನೋಡಿದಾರೆ. ಆದ್ರೆ ಕಲ್ಯಾಣ ಆದ ಕೂಡ್ಲೇ ಪ್ರಸಂಗಕ್ಕೆ ಮಂಗಳ. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಧರ್ಮರಾಯನ ಅಶ್ವಮೇಧದ ಕುದುರೆ ಸ್ತ್ರೀರಾಜ್ಯಕ್ಕೆ ಬರತ್ತೆ, ಪ್ರಮೀಳೆ ಅದನ್ನ ಕಟ್ಟಿಹಾಕ್ತಾಳೆ, ಅರ್ಜುನ ಯುದ್ಧಕ್ಕೆ ನಿಲ್ತಾನೆ, ಆಗ ಅಶರೀರವಾಣಿ ಆಗತ್ತೆ, ಇವಳನ್ನ ಮದುವೆ ಆಗು ಅಂತ. ಅವನು ಒಪ್ಕೊಂಡು ಅವಳನ್ನ ಹಸ್ತಿನಾವತಿಗೆ ಕಳಿಸಿ ಕುದುರೆ ಹಿಂದೆ ಹೋಗ್ತಾನೆ. ಒಂದು ದೇಶ ಆಳ್ತಿದ್ದೋಳು, ಅಲ್ಲಿ ಹೋಗಿ ಏನು ಮಾಡಿದ್ಲು? ಕವಿಗೆ ಕುದುರೆ ಮುಖ್ಯ, ಅವನು ಮುಂದೆ ಹೋದ. ನಿಮಗೆ ಪ್ರಮೀಳೆ ಮುಖ್ಯ, ನಿಮ್ಮ ಕಥೆ ಅಲ್ಲೇ ಶುರು ಆಗ್ಬೇಕು.

ಶುರು ಆಗೋದು ಅಂದ್ರೆ ಅವಳಿಗೆ ಕೆಲಸ ಬೇಕು. ಹೆಚ್ಚಿನ ಧಾರಾವಾಹಿಗಳಲ್ಲಿ ಮದುವೆ ಆದ ವೀರವನಿತೆಗೆ ಎರಡೇ ಸೀನ್, ಅಡುಗೆ ಬರ್ದೇ ಒದ್ದಾಡೋ ಕಾಮಿಡಿ, ಆಮೇಲೆ ಗಂಡನ್ನ ಯಾರೋ ಕೊಲ್ಲೋಕೆ ಬಂದಾಗ ಸೀರೆ ಸೆರಗು ಸಿಕ್ಕಿಸಿ ಕತ್ತಿ ತೆಗೆಯೋದು. ನಡುವೆ ಖಾಲಿ. ಕೆಳದಿ ಚೆನ್ನಮ್ಮನ್ನ ನೋಡಿ, ಅವಳು ಗರಡಿಯಿಂದ ಬಂದೋಳಲ್ಲ, ವ್ಯಾಪಾರಿ ಮನೆಯ ಹುಡುಗಿ, ಸೋಮಶೇಖರ ನಾಯಕನ್ನ ಮದುವೆ ಆಗಿ ಅರಮನೆಗೆ ಬಂದೋಳು. 1671ರಲ್ಲಿ ರಾಜ್ಯ ಕೈಗೆ ತಗೊಂಡು ಇಪ್ಪತ್ತೈದು ವರ್ಷ ಆಳಿದ್ಲು. 1689ರಲ್ಲಿ ಶಿವಾಜಿ ಮಗ ರಾಜಾರಾಮ ತಪ್ಪಿಸಿಕೊಂಡು ಬಂದಾಗ ಔರಂಗಜೇಬನ ಸೈನ್ಯ ಹಿಂದೇನೇ ಬರತ್ತೆ ಅಂತ ಗೊತ್ತಿದ್ದೂ ಆಶ್ರಯ ಕೊಟ್ಟು ದಾಟಿಸಿದ್ಲು. ಅಲ್ಲಿ ರೋಚಕ ಆಗಿರೋದು ಯುದ್ಧ ಅಲ್ಲ, ದರ್ಬಾರಿನಲ್ಲಿ ಕೂತು "ಬರಲಿ, ಒಳಗೆ ಕರೀರಿ" ಅನ್ನೋ ತೀರ್ಮಾನ. ಆ ಥರ ತೀರ್ಮಾನ ಧರಣಿಗೂ ಕೊಡಿ. ಕಣಜದಲ್ಲಿ ಎಷ್ಟು ಭತ್ತ ಇದೆ, ಮುತ್ತಿಗೆ ಆದ್ರೆ ಎಷ್ಟು ತಿಂಗಳು ಬರತ್ತೆ ಅಂತ ದಳಪತಿಗೆ ಗೊತ್ತಾಗೋ ಹಾಗೆ ರಾಜಕುಮಾರನಿಗೆ ಗೊತ್ತಾಗಲ್ಲ. ಅವಳು ಗಂಡನ ಕೋಟೆನ ಮೊದಲ ಸಲ ಸುತ್ತು ಹಾಕುವಾಗ ಹೂದೋಟ ನೋಡಲ್ಲ, ಯಾವ ಗೋಡೆ ಹತ್ತೋಕೆ ಸುಲಭ ಅಂತ ನೋಡ್ತಾಳೆ, ಕಳೆದ ವರ್ಷದವರೆಗೂ ಅದನ್ನ ಹತ್ತೋದೇ ಅವಳ ಪ್ಲಾನ್ ಆಗಿತ್ತಲ್ಲ! ಈಗ ಅದನ್ನ ಸೋಮನಿಗೆ ಹೇಳ್ಬೇಕಾ ಬೇಡ್ವಾ? ಹೇಳಿದ್ರೆ ತವರಿಗೆ ದ್ರೋಹ, ಹೇಳ್ದಿದ್ರೆ ಮದುವೆಗೆ. ಇದೊಂದೇ ಪ್ರಶ್ನೆ ಮೇಲೆ ಐದಾರು ಎಪಿಸೋಡ್ ಆರಾಮಾಗಿ ನಿಲ್ಲತ್ತೆ.

ಆ ದೆಲ್ಲಾ ವಾಲೆ ಉಳ್ಳಾಲದ ರಾಣಿನ ಭೇಟಿ ಆದಾಗ ಅವಳು ಸಿಂಹಾಸನದ ಮೇಲಿರಲಿಲ್ಲ, ಬರಿಗಾಲಲ್ಲಿ, ಸಾದಾ ಹತ್ತಿ ಬಟ್ಟೆಯಲ್ಲಿ, ನೀರಿಗೆ ಕಾಲುವೆ ತೋಡಿಸೋ ಕೆಲಸ ನೋಡೋಕೆ ಹೊರಟಿದ್ಲು. ನೋಡೋಕೆ ರಾಣಿ ಥರ ಕಾಣ್ಲಿಲ್ಲ, ಮಾತಾಡಿದಾಗ ಗೊತ್ತಾಯ್ತು ಅನ್ನೋ ಅರ್ಥದಲ್ಲಿ ಬರೆದಿದಾನೆ. ನಿಮ್ಮ ಧರಣಿ ಯಾವಾಗ್ಲೂ ರೇಷ್ಮೆ ಕಚ್ಚೆ, ಚಿನ್ನದ ಕವಚ ಹಾಕ್ಕೊಂಡೇ ಇರ್ಬೇಕಾಗಿಲ್ಲ ಅಂತ ಹೇಳೋಕೆ ಇದನ್ನ ಹೇಳಿದ್ದು.

ಈಗ ಸೋಲಿಸೋ ಸೀನ್. ಮಧುರೆಯ ಮೀನಾಕ್ಷಿ ಕಥೆ ಗೊತ್ತಲ್ಲ, ದಿಗ್ವಿಜಯ ಮಾಡ್ತಾ ಕೈಲಾಸದವರೆಗೂ ಹೋಗ್ತಾಳೆ, ಶಿವನ ಎದುರು ಬಂದ ತಕ್ಷಣ ಮೂರನೇ ಮೊಲೆ ಮಾಯ, ನಾಚಿಕೆ ಬಂತು, ಯುದ್ಧ ನಿಂತೋಯ್ತು. ದೇವಸ್ಥಾನದ ಕಥೆಯಾಗಿ ಅದಕ್ಕೆ ಬೇರೆ ಅರ್ಥ ಇದೆ, ಅದು ದೇವಿ ತನ್ನ ಜೊತೆಯನ್ನ ಗುರುತಿಸೋ ಗಳಿಗೆ. ಅದನ್ನೇ ಮನುಷ್ಯರ ಕಾದಂಬರಿಗೆ ತಂದ್ರೆ, ಗಂಡು ಸಿಕ್ಕ ತಕ್ಷಣ ಅವಳ ವಿದ್ಯೆ ಆವಿ ಆಗೋಯ್ತು ಅಂತ ಆಗತ್ತೆ. ಸೋಮ ಗೆದ್ರೆ ಓದುಗರು ಇಷ್ಟು ದಿನ ಅವಳ ಬಗ್ಗೆ ಇಟ್ಕೊಂಡಿದ್ದ ನಂಬಿಕೆ ಹೋಯ್ತು, ಅವಳು ಸೋಲೋ ಥರ ನಟಿಸಿದ್ರೆ ಇನ್ನೂ ಕೆಟ್ಟದು. ಬೇಕಿದ್ರೆ ಅವಳೇ ಗೆಲ್ಲಲಿ, ಅವನು ಸೋತಾಗ ಹೇಗೆ ಇರ್ತಾನೆ ಅನ್ನೋದನ್ನ ಅವಳು ನೋಡ್ಲಿ. ಸೋತ ಗಂಡಸು ಎಲ್ಲರ ಎದುರು ನಕ್ಕು "ಇನ್ನೊಂದ್ಸಲ ಆ ಪಟ್ಟು ತೋರಿಸು" ಅಂತ ಕೇಳೋದಕ್ಕಿಂತ ರೊಮ್ಯಾಂಟಿಕ್ ಏನಿದೆ? ಸೋಮನಿಗೆ ಬೇರೆ ವಿದ್ಯೆ ಕೊಡಿ. ಕರಾವಳಿಯೋನು, ಹಡಗು, ಗಾಳಿ, ಹರಿವು ಗೊತ್ತಿರಲಿ, ಘಟ್ಟದೋಳಿಗೆ ಈಜು ಬರ್ದೇ ಇರಲಿ.

ಕತ್ತಿ ವಿಷಯ ಬಂತಲ್ಲ, ಚಿಕ್ಕದೊಂದು ಹೇಳ್ಬಿಡ್ತೀನಿ. "ಹತ್ತು ಕೇಜಿ ಖಡ್ಗ" ಅಂತೆಲ್ಲಾ ಬರೀಬೇಡಿ, ಒಂದು ಕೈಯಲ್ಲಿ ಬೀಸೋ ನಿಜವಾದ ಕತ್ತಿ ಸುಮಾರು ಒಂದು ಕೇಜಿ, ಸ್ವಲ್ಪ ಹೆಚ್ಚು ಕಮ್ಮಿ. ಕಷ್ಟ ಇರೋದು ತೂಕದಲ್ಲಿ ಅಲ್ಲ, ಗಂಟೆಗಟ್ಲೆ ತೋಳು ಎತ್ತಿ ಹಿಡಿಯೋದ್ರಲ್ಲಿ. ದಿನಾ ಸಾಮು ಮಾಡೋಳ ಅಂಗೈ ದಡ್ಡುಗಟ್ಟಿರತ್ತೆ, ಬಳೆ ಶಾಸ್ತ್ರದಲ್ಲಿ ಬಳೆಗಾರ್ತಿ ಆ ಕೈಗೆ ಬಳೆ ಏರಿಸೋಕೆ ಒದ್ದಾಡ್ಲಿ, ಒಂದೂ ಮಾತಿಲ್ದೇ ಅವಳು ಯಾರು ಅಂತ ಗೊತ್ತಾಗತ್ತೆ. ಆಮೇಲೆ ಅವಳಿಗೆ 17 ಅಂದ್ರಲ್ಲ, 24 ಮಾಡಿ. 17ಕ್ಕೆ ಗಡಿ ಕೋಟೆಯ ದಳಪತಿ ಅಂದ್ರೆ ಯಾರೂ ನಂಬಲ್ಲ, ಮದುವೆ ಕಥೆಗಂತೂ ಆ ವಯಸ್ಸು ಬೇಡವೇ ಬೇಡ.

ಬೆಡ್‌ರೂಮ್ ಸೀನ್ ಇಲ್ದೆ ನಿಲ್ಲತ್ತಾ ಅಂದ್ರಲ್ಲ. ನಮ್ಮ ವಾರಪತ್ರಿಕೆಗಳ ಧಾರಾವಾಹಿಗಳು ಎಷ್ಟು ವರ್ಷ ನಿಂತ್ವು? ಮನೆಮಂದಿಯೆಲ್ಲಾ ಸರದಿ ಮೇಲೆ ಓದೋ ಪುಸ್ತಕ, ಅದರಲ್ಲಿ ಕೈ ತಾಗಿದ್ದೇ ಒಂದು ಅಧ್ಯಾಯ. ಕ್ಲೀನ್ ಅಂದ್ರೆ ಆಸೆ ಇಲ್ಲ ಅಂತಲ್ಲ, ಬಾಗಿಲು ಮುಚ್ಚಿರತ್ತೆ ಅಂತ ಅಷ್ಟೇ. ಆದ್ರೆ ಇಲ್ಲಿ ಒಂದು ವಿಷಯ ತುಂಬಾ ಜನ ಗಮನಿಸಲ್ಲ. ಒತ್ತಾಯದ ಮದುವೆ ಥರ ಶುರುವಾದ ಕಥೆಯಲ್ಲಿ ಮೊದಲ ರಾತ್ರಿ ಸುಮ್ನೆ ಬಾಗಿಲು ಮುಚ್ಚಿ "ಮರುದಿನ ಬೆಳಿಗ್ಗೆ" ಅಂತ ಬರೆದ್ರೆ, ಒಳಗೆ ಏನಾಯ್ತು, ಅವಳು ಒಪ್ಪಿದ್ಲಾ ಅನ್ನೋ ಅನುಮಾನ ಓದುಗರಿಗೆ ಉಳಿಯತ್ತೆ, ಆಮೇಲೆ ಅವನು ಎಷ್ಟೇ ಒಳ್ಳೆಯೋನಾದ್ರೂ ಆ ಅನುಮಾನ ಹೋಗಲ್ಲ. ಬಿಚ್ಚಿ ಬರೆಯೋ ಲೇಖಕರಿಗೆ ಇದನ್ನ ಸೀನ್ ಒಳಗೇ ತೋರಿಸೋಕಾಗತ್ತೆ, ನಿಮಗೆ ಆಗಲ್ಲ. ಅದಕ್ಕೇ ಕ್ಲೀನ್ ಬರೆಯೋರು ಬಾಗಿಲು ಮುಚ್ಚೋ ಮುಂಚೇನೇ ಆ ಮಾತು ಆಡಿಸ್ಬೇಕು. ಸೋಮ ಚಾಪೆ ತಗೊಂಡು ಆ ಕಡೆ ಹೋಗ್ಲಿ, "ನೀನಾಗಿ ಕರೆಯೋವರೆಗೂ ಇದೇ ನನ್ನ ಜಾಗ" ಅಂತ ಸ್ಪಷ್ಟವಾಗಿ ಹೇಳ್ಲಿ, ಬೇಕಿದ್ರೆ ಅದನ್ನೂ ಕರಾರಲ್ಲೇ ಸೇರಿಸಿ. ಎಷ್ಟೋ ತಿಂಗಳಾದ ಮೇಲೆ ಅವಳೇ ಆ ಚಾಪೆ ಸುತ್ತಿ ಎತ್ತಿಟ್ಲು ಅಂತ ಒಂದು ಸಾಲು ಬರೆದ್ರೆ ಸಾಕು, ನಿಮ್ಮತ್ತೆಗೂ ಅರ್ಥ ಆಗತ್ತೆ, ಅವ್ರು ಬೇಜಾರೂ ಮಾಡ್ಕೊಳ್ಳಲ್ಲ.

ಇನ್ನು ಟೆನ್ಶನ್ ಹುಟ್ಟಿಸೋಕೆ ನಮ್ಮ ಮದುವೆ ಶಾಸ್ತ್ರಗಳಷ್ಟು ಒಳ್ಳೇ ಸಾಮಾನು ಇನ್ನೆಲ್ಲೂ ಸಿಗಲ್ಲ, ನೀವು ಅದನ್ನೆಲ್ಲಾ ಒಂದು ಪ್ಯಾರಾದಲ್ಲಿ ಮುಗಿಸಿಬಿಟ್ರಿ ಅನ್ನೋದೇ ನನ್ನ ದೊಡ್ಡ ದೂರು. ಅಂತರಪಟ ಇದೆಯಲ್ಲ, ಇಬ್ಬರ ಮಧ್ಯೆ ಒಂದು ಬಟ್ಟೆ, ಕೈಯಲ್ಲಿ ಜೀರಿಗೆ ಬೆಲ್ಲ, ಬಟ್ಟೆ ಸರಿದ ತಕ್ಷಣ ಒಬ್ಬರ ತಲೆ ಮೇಲೆ ಒಬ್ಬರು ಇಡಬೇಕು. ಇವರಿಬ್ರೂ ಹಿಂದೆ ರಣರಂಗದಲ್ಲಿ ಶಿರಸ್ತ್ರಾಣದ ಸಂದಿಯಲ್ಲಿ ಬರೀ ಕಣ್ಣು ನೋಡಿದ್ರು ಅಂತ ಇಟ್ಕೊಳ್ಳಿ, ಈಗ ಬಟ್ಟೆ ಇಳೀತಾ ಮೊದ್ಲು ಕಾಣೋದು ಅದೇ ಕಣ್ಣು. ಉತ್ತರ ಕರ್ನಾಟಕದ ಕಡೆ ಒಡಪು ಹಾಕಿ ಗಂಡನ ಹೆಸರು ಹೇಳಿಸ್ತಾರೆ, ಹೆಂಗಸರೆಲ್ಲಾ ಸುತ್ತ ನಿಂತು ಬಿಡೋದೇ ಇಲ್ಲ. ನೂರು ಜನ ಸೈನಿಕರ ಎದುರು ಗುಡುಗೋ ಧರಣಿ ಅಲ್ಲಿ ತಡವರಿಸಲಿ, ಆಮೇಲೆ ಛಲ ಬಂದು ತಾನೇ ಒಂದು ಕಟ್ಲಿ: "ಹತ್ತು ಗಾಯ ಆದ್ರೂ ಕಣ್ಣಾಗ ನೀರು ಬರಲಿಲ್ಲ, ಸೋಮರಾಯರ ಹೆಸರು ಹೇಳಾಕ ಬಾಯಿ ಬರವಲ್ದಲ್ಲ." ಇದು ಈಗ ನಾನು ಸುಮ್ನೆ ಕಟ್ಟಿದ್ದು, ನೀವು ಇದಕ್ಕಿಂತ ಚೆನ್ನಾಗಿ ಕಟ್ತೀರ. ಕಂಕಣ ಕಟ್ಟಿದ ಮೇಲೆ ಅದನ್ನ ಬಿಚ್ಚೋವರೆಗೂ ಊರು ಬಿಡೋ ಹಾಗಿಲ್ಲ ಅಂತ ನಿಮ್ಮ ರಾಜ್ಯದಲ್ಲಿ ಒಂದು ಕಟ್ಟಳೆ ಇಡಿ, ಅಷ್ಟರಲ್ಲೇ ಗಡಿಯಿಂದ ಸುದ್ದಿ ಬರಲಿ, ಆಗ ಕಂಕಣ ಬಿಚ್ಚೋರು ಯಾರು, ಅವಳಾ ಅವನಾ?

ಈಗಾಗ್ಲೇ ಹಾಕಿರೋ ಎಪಿಸೋಡ್ ಡಿಲೀಟ್ ಮಾಡ್ಬೇಡಿ, ಕಾಮೆಂಟ್ ಎಲ್ಲಾ ಹೋಗತ್ತೆ. ವಯಸ್ಸು ಮಾತ್ರ ಹಳೇ ಕಂತುಗಳಲ್ಲೂ ಎಡಿಟ್ ಮಾಡಿ. ಮಾತುಕತೆ ನಡೆದಿತ್ತು, ಆದ್ರೆ ಗುಟ್ಟಾಗಿ ನಡೆದಿತ್ತು ಅಂತ ಮುಂದಿನ ಕಂತಲ್ಲಿ ತೆರೀರಿ. ಮದುವೆ ಹಿಂದಿನ ರಾತ್ರಿ ಧರಣಿ ಒಬ್ಬಳೇ ಕುದುರೆ ಹತ್ತಿ ಗಡಿ ನದಿಗೆ ಹೋಗಿ ಸೋಮನ ಅಮ್ಮನ ಹತ್ರ ಕೂತು ಷರತ್ತು ಬರೆಸ್ಕೊಂಡು ಬಂದಿದ್ಲು, ಅಪ್ಪನಿಗೂ ಗೊತ್ತಿಲ್ಲ, ಸೋಮನಿಗೂ ಗೊತ್ತಿಲ್ಲ. ಓಲೆ ಎರಡು ಪ್ರತಿ, ಒಂದು ಅತ್ತೆ ಹತ್ರ, ಒಂದು ಸೊಸೆ ಹತ್ರ. ಆಗ "ಹೆಂಗೆ ಒಪ್ಪಿದ್ಲು" ಅಂತ ಬೈದೋರೆಲ್ಲಾ ವಾಪಸ್ ಹೋಗಿ ಹಳೇ ಎಪಿಸೋಡ್ ಮತ್ತೆ ಓದ್ತಾರೆ. ಅತ್ತೆ ಪಾತ್ರ ಹೇಗೆ ಮಾತಾಡ್ಬೇಕು, ಮಗನ ಮದುವೆ ಮಾತುಕತೆಗೆ ಕೂತೋರು ಏನೇನು ಕೇಳ್ತಾರೆ ಅನ್ನೋದನ್ನ ನಿಮ್ಮತ್ತೆನೇ ಕೇಳಿ ಬರ್ಕೊಳ್ಳಿ, ಹೆಂಗೂ ಓದ್ತಿದಾರಲ್ಲ.